ವೈದ್ಯಕೀಯ ಸಂಶೋಧನೆಯಲ್ಲಿ ಜನರೂ ಪಾಲುದಾರರು



ವೈದ್ಯಕೀಯ ಸಂಶೋಧನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪ್ರಯೋಗಾಲಯ, ಸೂಕ್ಷ್ಮದರ್ಶಕ ಮತ್ತು ದೊಡ್ಡ ಆಸ್ಪತ್ರೆ. ಆದರೆ ರೋಗ ಹುಟ್ಟುವುದೂ ಹರಡುವುದೂ ಬಹುಮಟ್ಟಿಗೆ ವಾಸಿಯಾಗುವುದೂ ಮನೆ, ಓಣಿ, ಹಳ್ಳಿಗಳಲ್ಲಿ. ದೊಡ್ಡ ಆಸ್ಪತ್ರೆಗೆ ಬರುವವರು ಒಟ್ಟು ರೋಗಿಗಳಲ್ಲಿ ಒಂದು ಅಂಶ ಮಾತ್ರ. ಅವರನ್ನಷ್ಟೇ ಪರೀಕ್ಷಿಸಿ ಪಡೆದ ಉತ್ತರ ಉಳಿದವರಿಗೂ ಹೊಂದುತ್ತದೆಂದು ಹೇಳಲಾಗದು. ಆದುದರಿಂದ ವಿಶ್ವವಿದ್ಯಾನಿಲಯಗಳೂ ವೈದ್ಯಕೀಯ ಶಿಕ್ಷಣ ಸಂಸ್ಥೆಗಳೂ ಸಮುದಾಯ ಆರೋಗ್ಯ ಕೇಂದ್ರಗಳೊಡನೆ ಸೇರಿ ಜನರ ನಡುವೆಯೇ ಸಂಶೋಧನೆ ನಡೆಸಬೇಕಾಗುತ್ತದೆ. ಇಂತಹ ಪಾಲುದಾರಿಕೆಯಿಂದ ದೇಶಕ್ಕೆ ದೊರೆತ ಫಲವೇನು, ಅದು ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇನೆ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕ್ಷಯರೋಗಿಗೆ ಆರೋಗ್ಯಧಾಮದ ವಾಸವೇ ಸರಿಯಾದ ಚಿಕಿತ್ಸೆ ಎಂಬ ನಂಬಿಕೆಯಿತ್ತು. ರೋಗಿಗಳು ಲಕ್ಷಗಟ್ಟಲೆ, ಹಾಸಿಗೆಗಳು ಕೆಲವೇ ಸಾವಿರ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಮದರಾಸಿನಲ್ಲಿ ಒಂದು ಕೇಂದ್ರವನ್ನು ತೆರೆದವು. ನಗರದ ಬಡ ರೋಗಿಗಳಲ್ಲಿ ಒಂದು ಗುಂಪಿಗೆ ಆರೋಗ್ಯಧಾಮದಲ್ಲಿ, ಇನ್ನೊಂದು ಗುಂಪಿಗೆ ಅವರವರ ಮನೆಯಲ್ಲೇ ಒಂದು ವರ್ಷ ಔಷಧ ಕೊಡಲಾಯಿತು. ಮನೆಯಲ್ಲಿದ್ದವರಿಗೆ ಪೌಷ್ಟಿಕ ಆಹಾರವಿರಲಿಲ್ಲ, ವಿಶ್ರಾಂತಿಯೂ ಕಡಿಮೆ. ಆದರೂ ಎರಡು ಗುಂಪುಗಳ ಫಲಿತಾಂಶದಲ್ಲಿ ಹೆಚ್ಚಿನ ಅಂತರ ಕಾಣಲಿಲ್ಲ. ಮನೆಮಂದಿಗೆ ರೋಗ ತಗಲುವ ಅಪಾಯವೂ ಅದರಿಂದ ಹೆಚ್ಚಲಿಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶವೂ, ಅದೇ ವರ್ಷ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಕ್ಷೇತ್ರ ಅಧ್ಯಯನಗಳೂ 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ ತಳಹದಿಯಾದವು. ಮನೆಯಲ್ಲಿದ್ದುಕೊಂಡೇ ಗುಣವಾಗಬಹುದೆಂಬ ಭರವಸೆ ಹೀಗೆ ಕೋಟ್ಯಂತರ ಜನರಿಗೆ ದೊರೆಯಿತು.

ಇತ್ತೀಚಿನ ನಿದರ್ಶನವೆಂದರೆ ರೋಟಾ ವೈರಸ್ ಲಸಿಕೆ. ಹಸುಗೂಸುಗಳಿಗೆ ತೀವ್ರ ಭೇದಿಯುಂಟುಮಾಡಿ, ಮೈಯ ನೀರಿನಂಶವನ್ನು ಬರಿದಾಗಿಸಿ ಪ್ರಾಣಕ್ಕೇ ಎರವಾಗುವ ವೈರಸ್ ಇದು. 1980ರ ದಶಕದಲ್ಲಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಡಾ. ಎಂ. ಕೆ. ಭಾನ್ ಮತ್ತು ಅವರ ಸಹೋದ್ಯೋಗಿಗಳು ಒಂದು ವಿಶೇಷವನ್ನು ಗಮನಿಸಿದರು. ಕೆಲವು ನವಜಾತ ಶಿಶುಗಳಿಗೆ ಈ ವೈರಸ್ ತಗಲಿದ್ದರೂ ಭೇದಿಯಾಗಿರಲಿಲ್ಲ. ಮುಂದೆಯೂ ಅವುಗಳಿಗೆ ರೋಗದಿಂದ ರಕ್ಷಣೆ ದೊರೆತಿತ್ತು. ಆ ಸೌಮ್ಯ ವೈರಸ್ಸಿನಿಂದಲೇ ಲಸಿಕೆ ತಯಾರಿಸುವ ಕಾರ್ಯದಲ್ಲಿ ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯ ಮೊದಲಾದ ಸಂಸ್ಥೆಗಳು ಹಾಗೂ ಹೈದರಾಬಾದಿನ ಭಾರತ್ ಬಯೋಟೆಕ್ ಕೈಜೋಡಿಸಿದವು.

ಆದರೆ ಪ್ರಯೋಗಾಲಯದಲ್ಲಿ ಸಿದ್ಧವಾದ ಲಸಿಕೆ ನಮ್ಮ ಓಣಿಗಳ ಮಕ್ಕಳನ್ನು ಕಾಪಾಡುವುದೇ? ಶ್ರೀಮಂತ ದೇಶಗಳಲ್ಲಿ ಚೆನ್ನಾಗಿ ಫಲಿಸಿದ ಇಂತಹ ಲಸಿಕೆಗಳು ಬಡ ದೇಶಗಳಲ್ಲಿ ಅಷ್ಟು ಫಲಿಸಿರಲಿಲ್ಲ. ಆದುದರಿಂದ ಉತ್ತರವನ್ನು ಇಲ್ಲಿಯೇ ಹುಡುಕಬೇಕಾಯಿತು. 2011ರಲ್ಲಿ ಮೂರು ಕಡೆ ಪ್ರಯೋಗ ಆರಂಭವಾಯಿತು: ದೆಹಲಿಯ ಬಡಾವಣೆಗಳು, ಪುಣೆ ಜಿಲ್ಲೆಯ ವಡು ಗ್ರಾಮದ ಪ್ರದೇಶ ಮತ್ತು ವೆಲ್ಲೂರು. 6,799 ಶಿಶುಗಳು ಇದರಲ್ಲಿ ಸೇರಿದ್ದವು. ಮೂರರಲ್ಲಿ ಎರಡು ಪಾಲು ಶಿಶುಗಳಿಗೆ ಲಸಿಕೆಯ ಹನಿ, ಒಂದು ಪಾಲಿಗೆ ಲಸಿಕೆಯಿಲ್ಲದ ಹನಿ. ಯಾವ ಮಗುವಿಗೆ ಯಾವುದೆಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿತ್ತು. ಅದು ಹೆತ್ತವರಿಗೂ ತಿಳಿಯದು, ವೈದ್ಯರಿಗೂ ತಿಳಿಯದು. ಮೊದಲ ವರ್ಷದಲ್ಲಿ ತೀವ್ರ ರೋಟಾ ಭೇದಿಯನ್ನು ಲಸಿಕೆಯು ಶೇಕಡಾ 56ರಷ್ಟು ತಗ್ಗಿಸಿತೆಂದು ಕಂಡುಬಂದಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಮೊದಲ್ಗೊಂಡು, ರೋಟಾ ಲಸಿಕೆಯು ಮುಂದೆ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಭಾಗವಾಯಿತು.

ಈ ಸ್ಥಳಗಳಲ್ಲಿ ಸಾವಿರಾರು ತಾಯಂದಿರು ಹೇಗೆ ಒಪ್ಪಿದರು? ವಡುವಿನಲ್ಲಿ ಪುಣೆಯ ಕೆಇಎಂ ಆಸ್ಪತ್ರೆ 1977ರಿಂದಲೂ ಗ್ರಾಮೀಣ ಆರೋಗ್ಯ ಸೇವೆಯಲ್ಲಿ ತೊಡಗಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಸುತ್ತಲಿನ ಹಳ್ಳಿಗಳಿಗೆ ದಶಕಗಳಿಂದ ಪರಿಚಿತ. ಸೇವೆ ಮೊದಲು, ಸಂಶೋಧನೆ ಅನಂತರ. ಹೆರಿಗೆಗೂ ಜ್ವರಕ್ಕೂ ಒದಗಿ ಬಂದವರನ್ನು ಜನ ನಂಬುತ್ತಾರೆ; ಪ್ರಯೋಗಕ್ಕಷ್ಟೇ ಬಂದು ಹೋಗುವವರನ್ನು ನಂಬುವುದಿಲ್ಲ.

ಈ ನಂಬಿಕೆಗೆ ಕುಂದು ಬಂದ ಪ್ರಸಂಗವೂ ಉಂಟು. 2009ರಲ್ಲಿ ಅಂದಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನ ಆರಂಭವಾಯಿತು. ಅನೇಕ ಬಾಲಕಿಯರ ಒಪ್ಪಿಗೆ ಪತ್ರಗಳಿಗೆ ಹೆತ್ತವರ ಬದಲು ವಸತಿ ನಿಲಯದ ಮೇಲ್ವಿಚಾರಕರೇ ಸಹಿ ಹಾಕಿದ್ದು ಬೆಳಕಿಗೆ ಬಂದಿತು. 2010ರಲ್ಲಿ ಅಧ್ಯಯನವನ್ನು ತಡೆಹಿಡಿಯಲಾಯಿತು. 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಅದನ್ನು ಕಟುವಾಗಿ ಟೀಕಿಸಿತು. ಈ ಬಗೆಯ ಲಸಿಕೆಯ ಉಪಯೋಗವನ್ನು ಇಂದು ಜಗತ್ತೇ ಒಪ್ಪಿದೆ. ಆದರೆ ಒಳ್ಳೆಯ ಔಷಧವೂ ಕೇಳದೆ ಕೊಟ್ಟರೆ ಸಂಶಯಕ್ಕೆ ಗುರಿಯಾಗುತ್ತದೆ.

2019ರ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ನೈತಿಕ ಸಮಿತಿಯ ಅನುಮತಿಯಿಲ್ಲದೆ ಪ್ರಯೋಗ ಕೂಡದು. ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಹಾಗೂ ಪರಿಹಾರ ಸಲ್ಲತಕ್ಕದ್ದು. ಒಪ್ಪಿದವರು ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಅದರಿಂದ ಅವರಿಗೆ ದೊರೆಯಬೇಕಾದ ಚಿಕಿತ್ಸೆಗೆ ಚ್ಯುತಿ ಬರಬಾರದು. ಓದಲು ಬಾರದವರ ಒಪ್ಪಿಗೆಗೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ವಿವರಣೆಯು ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು.

ಹೊರನಾಡ ಕನ್ನಡಿಗರಾದ ನಮಗೆ ಈ ಕೊನೆಯ ಮಾತು ಮುಖ್ಯವಾದುದು. ಮುಂಬಯಿಯಲ್ಲಿ ಮರಾಠಿಯ, ಚೆನ್ನೈಯಲ್ಲಿ ತಮಿಳಿನ ಪತ್ರಗಳು ಸಿದ್ಧವಿರುವುದು ಸಹಜ. ಕೂಲಿಗೆಂದು ವಲಸೆ ಬಂದ ಕಲಬುರಗಿ, ವಿಜಯಪುರದ ಕಡೆಯ ತಾಯಿಯೊಬ್ಬಳು ಓದಲಾಗದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪಿಗೆಯೆನಿಸದು. ಕನ್ನಡದಲ್ಲಿ ತಿಳಿಸಿರೆಂದು ಕೇಳುವುದು ಆಕೆಯ ಹಕ್ಕು. ಆಕೆಯ ಪರವಾಗಿ ಕೇಳುವುದು ನಮ್ಮ ಸಂಘಗಳ ಕರ್ತವ್ಯ. ಇದು ಔಷಧವೋ, ಪ್ರಯೋಗವೋ? ತೊಂದರೆಯಾದರೆ ಯಾರನ್ನು ಕಾಣಬೇಕು? ಫಲಿತಾಂಶವನ್ನು ನಮಗೂ ತಿಳಿಸುವಿರಾ? ಇಷ್ಟನ್ನು ಕೇಳಿದರೆ ಸಾಕು. ಸಂಶೋಧನೆಗೆ ಇದರಿಂದ ಅಡ್ಡಿಯಿಲ್ಲ, ಬಲವೇ ಹೆಚ್ಚು. ತಿಳಿದು ಒಪ್ಪಿದವರು ಕೊನೆಯವರೆಗೂ ಜೊತೆಗಿರುತ್ತಾರೆ.