ಬ್ರೇಕ್ ಇಲ್ಲದ ಜಾಹೀರಾತು



ಪ್ರತಿದಿನ ನಾನು ಇಲ್ಲಿ ಕೂತು ಒಂದು ಮಾತು ಹೇಳ್ತೀನಿ. "ಒಂದು ಚಿಕ್ಕ ಬ್ರೇಕ್, ಎಲ್ಲೂ ಹೋಗಬೇಡಿ." ನೀವು ಹೋಗೇ ಹೋಗ್ತೀರಿ. ಅಡುಗೆಮನೆಗೆ ಹೋಗಿ ಸಾರಿಗೆ ಒಗ್ಗರಣೆ ಹಾಕಿ ಬರ್ತೀರಿ, ಇಲ್ಲಾಂದ್ರೆ ರಿಮೋಟ್ ಒತ್ತಿ ಪಕ್ಕದ ಚಾನೆಲ್‌ಗೆ ಹೋಗ್ತೀರಿ. ನನಗೇನೂ ಬೇಸರ ಇಲ್ಲ. ಇಲ್ಲಿವರೆಗೆ ನೋಡಿದ್ದು ಸುದ್ದಿ, ಇನ್ನು ಬರೋದು ದುಡ್ಡು ಕೊಟ್ಟು ಹಾಕಿಸಿದ್ದು ಅಂತ ನಿಮಗೆ ಗೊತ್ತು. ನಡುವೆ ಒಂದು ಗೆರೆ ಇದೆ. 1994ರ ಕೇಬಲ್ ಟೆಲಿವಿಷನ್ ನಿಯಮಗಳೇ ಹೇಳುತ್ತವೆ: ಜಾಹೀರಾತು ಯಾವುದು, ಕಾರ್ಯಕ್ರಮ ಯಾವುದು ಅಂತ ನೋಡುವವರಿಗೆ ಸ್ಪಷ್ಟವಾಗಿ ಗೊತ್ತಾಗಬೇಕು.

ಈಗ ನಿಮ್ಮ ಕೈಲಿರೋ ಫೋನ್ ನೋಡಿ. ಅದರಲ್ಲಿ ಬ್ರೇಕ್ ಎಲ್ಲಿದೆ?

ನಾನು ಓದಿದ್ದು ಎಂಜಿನಿಯರಿಂಗ್. ನಮ್ಮ ಬ್ಯಾಚಿನವರು ಬಹಳಷ್ಟು ಜನ ಸಾಫ್ಟ್‌ವೇರ್ ಕಡೆ ಹೋದರು. ನಾನು ಬಂದು ಕ್ಯಾಮೆರಾ ಮುಂದೆ ಕೂತೆ. ಇನ್ನೊಬ್ಬ ಗೆಳೆಯ ಬೆಂಗಳೂರಿನ ಒಂದು ಏಜೆನ್ಸಿ ಸೇರಿಕೊಂಡ. ಸೋಷಿಯಲ್ ಮೀಡಿಯಾ ಮಾರ್ಕೆಟಿಂಗ್. ಅವನ ಅಪ್ಪ ಹಾಸನದ ಹತ್ತಿರದ ಹಳ್ಳಿಯವರು. ಮಗನಿಗೆ ಏನು ಕೆಲಸ ಅಂತ ಊರಲ್ಲಿ ಯಾರಾದರೂ ಕೇಳಿದರೆ "ಫೇಸ್‌ಬುಕ್ಕಲ್ಲಿ ಇದಾನೆ" ಅಂತಾರಂತೆ. ಕೇಳಿದವರು ಅಮೆರಿಕದ ಕಂಪನಿ ಅಂದ್ಕೊಂಡು ಸುಮ್ಮನಾಗ್ತಾರೆ.

ಹೊರಗಿನಿಂದ ನೋಡಿದರೆ ದಿನವಿಡೀ ಇನ್‌ಸ್ಟಾಗ್ರಾಂ ನೋಡ್ಕೊಂಡು ಸಂಬಳ ತಗೊಳ್ಳೋ ಕೆಲಸ. ಒಳಗೆ ಹೋದರೆ ಗೊತ್ತಾಗುತ್ತೆ. ಒಬ್ಬನ ಕೈಗೆ ಐದಾರು ಕ್ಲೈಂಟ್: ಒಂದು ಹೋಟೆಲ್, ಒಂದು ಒಡವೆ ಅಂಗಡಿ, ಒಂದು ಕ್ಲಿನಿಕ್, ಒಬ್ಬ ಬಿಲ್ಡರ್. ಮುಂದಿನ ತಿಂಗಳು ಯಾವ ದಿನ ಯಾವ ಪೋಸ್ಟ್, ಯಾವ ರೀಲ್ ಅನ್ನೋ ಕ್ಯಾಲೆಂಡರ್ ಈ ತಿಂಗಳ ಕೊನೆಗೇ ತಯಾರಾಗಬೇಕು. ಕ್ಲೈಂಟ್ ಒಪ್ಪಬೇಕು. ಅವರು ಒಪ್ಪೋದು ರಾತ್ರಿ ಹನ್ನೊಂದು ಗಂಟೆಗೆ, ವಾಟ್ಸಾಪ್ ಗ್ರೂಪಲ್ಲಿ. "ಲೋಗೋ ಇನ್ನೊಂಚೂರು ದೊಡ್ಡದು ಮಾಡಿ." ರಾಜ್ಯೋತ್ಸವ ಬಂದರೆ ಇಂಗ್ಲಿಷಿನಲ್ಲಿ ಬರೆದಿದ್ದನ್ನ ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿ, "ನೀನು ಕನ್ನಡದವನಲ್ವಾ, ಸ್ವಲ್ಪ ನೋಡು" ಅಂತ ಇವನ ಮುಂದೆ ಇಡ್ತಾರೆ. ಎಲ್ಲರಿಗೂ ರಜೆ ಇರೋ ಹಬ್ಬದ ದಿನ ಶುಭಾಶಯದ ಪೋಸ್ಟ್ ಹಾಕೋ ಇವನಿಗೆ ಕೆಲಸ.

ತಿಂಗಳ ಕೊನೆಗೆ ರಿಪೋರ್ಟ್. ರೀಚ್ ಎಷ್ಟು, ಇಂಪ್ರೆಷನ್ ಎಷ್ಟು. ಒಬ್ಬರೇ ಒಂದೇ ಜಾಹೀರಾತನ್ನ ಐದು ಸಲ ನೋಡಿದರೆ ರೀಚ್ ಒಂದು, ಇಂಪ್ರೆಷನ್ ಐದು. ಕ್ಲೈಂಟ್‌ಗೆ ಯಾವ ಸಂಖ್ಯೆಯನ್ನ ದೊಡ್ಡ ಅಕ್ಷರದಲ್ಲಿ ತೋರಿಸ್ತಾರೆ ಅಂತ ನಾನು ಹೇಳಬೇಕಾಗಿಲ್ಲ.

ಇಷ್ಟರಲ್ಲಿ ಯಾವ ತಪ್ಪೂ ಇಲ್ಲ. ಟಿವಿಯಲ್ಲಿ ಹತ್ತು ಸೆಕೆಂಡ್ ಜಾಹೀರಾತು ಕೊಡೋ ಶಕ್ತಿ ಇಲ್ಲದ, ಮನೆಯಲ್ಲೇ ಜೋಳದ ರೊಟ್ಟಿ ಮಾಡಿ ಮಾರೋ ಹೆಣ್ಣುಮಗಳೊಬ್ಬಳು, ಕೆಲವೇ ನೂರು ರೂಪಾಯಿ ಖರ್ಚಲ್ಲಿ ತನ್ನ ಊರಿನವರಿಗೆ ಮಾತ್ರ ಕಾಣೋ ಹಾಗೆ ಪೋಸ್ಟ್ ಹಾಕಬಹುದು. ಊರು, ವಯಸ್ಸು, ಆಸಕ್ತಿ ಎಲ್ಲ ಆರಿಸಿಕೊಳ್ಳಬಹುದು. ಅದು ಒಳ್ಳೇದೇ. ಆದರೆ ಅದೇ ಆಯ್ಕೆಯಿಂದ, ಆರೋಗ್ಯದ ಬಗ್ಗೆ ಚಿಂತೆ ಇರೋ ಅರವತ್ತು ದಾಟಿದ ಒಬ್ಬರನ್ನೂ ಹುಡುಕಿ ಹಿಡೀಬಹುದು.

ನನ್ನ ಗೆಳೆಯನ ಅಪ್ಪನಿಗೆ ಶುಗರ್ ಇದೆ. ಒಂದು ಸಂಜೆ ಅವರು ಮಗನಿಗೆ ಫೋನ್ ಮಾಡಿದರು. ಫೇಸ್‌ಬುಕ್ಕಲ್ಲಿ ಒಂದು ಪುಡಿ ಬಂದಿದೆ. ಮೂರು ತಿಂಗಳು ತಗೊಂಡ್ರೆ ಮಾತ್ರೆಯೇ ಬೇಡವಂತೆ. ಕೆಳಗಿದ್ದ ಕಾಮೆಂಟುಗಳನ್ನ ಒಂದೊಂದಾಗಿ ಓದಿ ಹೇಳಿದರು. "ನಮ್ಮ ಮಾವನಿಗೆ ಕೊಡಿಸಿದ್ವಿ, ಈಗ ನಾರ್ಮಲ್." "ದೇವರು ಬಂದ ಹಾಗೆ ಬಂತು." ಓದಿ ಮುಗಿಸಿ ಕೇಳಿದರು: "ಇಷ್ಟು ಜನ ಸುಳ್ಳು ಹೇಳ್ತಾರೇನೋ?"

ಇವನ ಬಾಯಿಂದ ಮಾತೇ ಹೊರಡಲಿಲ್ಲವಂತೆ. ಯಾಕೆ ಗೊತ್ತಾ? ಅದರ ಹಿಂದಿನ ವಾರ ಇವನು ಬೇರೊಂದು ಕ್ಲೈಂಟ್‌ಗೆ, ಒಂದು ಕೂದಲಿನ ಎಣ್ಣೆಗೆ, ಇಪ್ಪತ್ತು ಕಾಮೆಂಟ್ ಬರೆದಿದ್ದ. ಇಪ್ಪತ್ತು ಹೆಸರಲ್ಲಿ. ನಿಜ ಅನ್ನಿಸಲಿ ಅಂತ ಎರಡರಲ್ಲಿ ಬೇಕಂತಲೇ ಅಕ್ಷರ ತಪ್ಪು ಮಾಡಿದ್ದ. ಒಂದರಲ್ಲಿ ಸಣ್ಣ ದೂರು ಸೇರಿಸಿದ್ದ: "ವಾಸನೆ ಸ್ವಲ್ಪ ಜಾಸ್ತಿ, ಆದ್ರೆ ಕೂದಲು ಉದುರೋದು ನಿಂತಿದೆ." ಆ ಎಣ್ಣೆಯ ಬಾಟಲಿಯನ್ನ ಅವನು ಕಣ್ಣಲ್ಲೂ ನೋಡಿರಲಿಲ್ಲ.

"ಅಪ್ಪ, ಅದನ್ನ ತಗೋಬೇಡಿ. ಮಾತ್ರೆ ಮಾತ್ರ ನಿಲ್ಲಿಸಬೇಡಿ" ಅಂದ. "ಸುಳ್ಳು ಅಂತ ನಿನಗೆ ಹೇಗೋ ಗೊತ್ತು?" ಅಂತ ಅಪ್ಪ ಕೇಳಿದರು. "ಮಗಾ, ಅದಕ್ಕೆ ಉತ್ತರ ಇತ್ತು ಕಣೋ, ಹೇಳೋಕೆ ಆಗಲಿಲ್ಲ" ಅಂತ ನನ್ನ ಹತ್ತಿರ ಹೇಳಿಕೊಂಡ.

ಮರುದಿನ ಆಫೀಸಿನಲ್ಲಿ, ಇನ್ನು ಇಂಥ ಕಾಮೆಂಟ್ ಬರೆಯೋದಿಲ್ಲ ಅಂದ. "ಸರಿ, ಪಕ್ಕದ ಟೇಬಲ್‌ನವನಿಗೆ ಕೊಡ್ತೀವಿ" ಅಂದರು. ಕೊಟ್ಟರು. ಇವನು ಇನ್ನೂ ಅಲ್ಲೇ ಇದಾನೆ. ಮನೆ ಬಾಡಿಗೆ ಇದೆ, ಸಾಲದ ಕಂತು ಇದೆ. ಬಿಟ್ಟು ಬಾ ಅಂತ ಏಸಿ ಸ್ಟುಡಿಯೋದಲ್ಲಿ ಕೂತು ಹೇಳೋದು ನನಗೆ ಸುಲಭ. ಹೇಳಲ್ಲ.

ಆದರೆ ಕಾನೂನು ಏನು ಹೇಳುತ್ತೆ ಅನ್ನೋದನ್ನ ಹೇಳ್ತೀನಿ. ಶುಗರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡೋದನ್ನ ಈ ದೇಶದ 1954ರ ಒಂದು ಕಾಯ್ದೆ ನಿಷೇಧಿಸುತ್ತೆ. ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ. ಅದರ ಪಟ್ಟಿಯಲ್ಲಿ ಮಧುಮೇಹ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದಾರಿ ತಪ್ಪಿಸೋ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಕಂಪನಿಗೆ ಮಾತ್ರವಲ್ಲ, ಜಾಹೀರಾತು ಏಜೆನ್ಸಿಗೂ ಅನ್ವಯಿಸುತ್ತೆ. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇನ್‌ಫ್ಲುಯೆನ್ಸರ್‌ಗಳಿಗೂ ಸ್ಪಷ್ಟವಾಗಿ ಹೇಳಿತು. ದುಡ್ಡು ತಗೊಂಡಿರಲಿ, ಪುಕ್ಕಟೆ ಸಾಮಾನು ತಗೊಂಡಿರಲಿ, ಪ್ರವಾಸಕ್ಕೆ ಹೋಗಿಬಂದಿರಲಿ, ಅದನ್ನ ನೋಡುವವರಿಗೆ ಹೇಳಲೇಬೇಕು. ಹತ್ತಾರು ಹ್ಯಾಷ್‌ಟ್ಯಾಗ್‌ಗಳ ನಡುವೆ ಬಚ್ಚಿಡೋ ಹಾಗಿಲ್ಲ.

ಹಾಗಾದರೆ ಕಾನೂನಿಗೆ ಏನು ಕಮ್ಮಿ? ಅದು ಹಿಡಿಯೋದು ಕಣ್ಣಿಗೆ ಕಾಣೋ ಮುಖವನ್ನ. ಇಪ್ಪತ್ತು ಹೆಸರಲ್ಲಿ ಬರೆದ ಕಾಮೆಂಟಿಗೆ ಮುಖ ಎಲ್ಲಿದೆ? ಆನ್‌ಲೈನ್ ವಿಮರ್ಶೆಗಳಿಗೆ ಅಂತಲೇ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಒಂದು ಮಾನದಂಡ ತಂತು. ಬಂದಾಗ ಅದು ಸ್ವಯಂಪ್ರೇರಿತ. ಅಂದರೆ, ಇಷ್ಟ ಇದ್ದವರು ಪಾಲಿಸಬಹುದು. ಸುಳ್ಳು ಬರೆಸೋನಿಗೆ ಇಷ್ಟ ಎಲ್ಲಿಂದ ಬರಬೇಕು ಸ್ವಾಮಿ?

ಈಗ ನೀವು ನನ್ನನ್ನೇ ಕೇಳಬಹುದು. ಟಿವಿಯವರೇನು ಸಾಚಾನಾ? ಕೇಳಬೇಕು. ದುಡ್ಡು ತಗೊಂಡು ಸುದ್ದಿಯ ವೇಷದಲ್ಲಿ ಪ್ರಚಾರ ಮಾಡೋದಕ್ಕೆ ಪೇಯ್ಡ್ ನ್ಯೂಸ್ ಅನ್ನೋ ಹೆಸರು ಬಂದಿದ್ದೇ ನಮ್ಮ ಮಾಧ್ಯಮದಿಂದ. 2010ರಲ್ಲಿ ಪ್ರೆಸ್ ಕೌನ್ಸಿಲ್ ಅದರ ಬಗ್ಗೆ ವರದಿಯನ್ನೇ ಕೊಟ್ಟಿದೆ. ಹಾಗಾಗಿ ಇದು ದೊಡ್ಡವನಂತೆ ಚಿಕ್ಕವರಿಗೆ ಹೇಳೋ ಬುದ್ಧಿಮಾತಲ್ಲ. ಗೆರೆ ಅಳಿಸಿದರೆ ಏನಾಗುತ್ತೆ ಅಂತ ನೋಡಿದವರ ಮಾತು. ಒಂದು ಸಲ ಜನ ನಂಬಿಕೆ ಕಳ್ಕೊಂಡ್ರೆ, ಆಮೇಲೆ ನಿಜ ಹೇಳಿದರೂ "ಎಷ್ಟು ತಗೊಂಡ್ರಿ?" ಅಂತ ಕೇಳ್ತಾರೆ. ನನಗೇ ಕೇಳಿದಾರೆ.

ಏಜೆನ್ಸಿ ನಡೆಸೋರಿಗೆ ನನ್ನ ಮಾತು ಇಷ್ಟೇ. ಎಷ್ಟು ಬೇಕಾದರೂ ಜಾಹೀರಾತು ಮಾಡಿ. ಕನ್ನಡದ ಪೋಸ್ಟ್‌ನ ಮೊದಲ ಸಾಲಿನಲ್ಲಿ "ಜಾಹೀರಾತು" ಅಂತ ಕನ್ನಡದಲ್ಲೇ ಬರೀರಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿರೋ ಇಂಗ್ಲಿಷಿನ ಸ್ಪಾನ್ಸರ್ಡ್ ಅನ್ನೋ ಪದ ಹಾಸನದ ಆ ಅಪ್ಪನ ಕಣ್ಣಿಗೆ ಬೀಳಲ್ಲ. ಇಪ್ಪತ್ತೆರಡು ವರ್ಷದ ಹುಡುಗ ಹುಡುಗಿಯರ ಕೈಲಿ ಸುಳ್ಳು ಹೆಸರಲ್ಲಿ ಬರೆಸಬೇಡಿ. ದುಡ್ಡು ನಿಮಗೆ ಬರುತ್ತೆ, ಅಪ್ಪನಿಗೆ ಉತ್ತರ ಹೇಳಬೇಕಾದವರು ಅವರು.

ವೀಕ್ಷಕರೇ, ನಿಮಗೂ ಒಂದು ಮಾತು. ಫೋನಿನಲ್ಲಿ ಔಷಧಿ ಕಂಡರೆ ಕೆಳಗಿನ ಕಾಮೆಂಟ್ ಓದಿ ತೀರ್ಮಾನ ಮಾಡಬೇಡಿ, ನಿಮ್ಮ ಡಾಕ್ಟರನ್ನ ಕೇಳಿ. ಮೋಸ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ನಂಬರ್ 1915. ಮನೆಯಲ್ಲಿ ಈ ಕೆಲಸ ಮಾಡೋ ಮಕ್ಕಳಿದ್ದರೆ, ಸಂಬಳ ಎಷ್ಟು ಅಂತ ಮಾತ್ರ ಕೇಳಬೇಡಿ. ಇವತ್ತು ಏನು ಬರೆದೆ ಅಂತಲೂ ಕೇಳಿ.

ಈಗ ಒಂದು ಚಿಕ್ಕ ಬ್ರೇಕ್. ಮುಂದೆ ಬರೋದು ಜಾಹೀರಾತು. ನೋಡೋದು ಬಿಡೋದು ನಿಮಗೆ ಬಿಟ್ಟಿದ್ದು, ಅದು ಜಾಹೀರಾತು ಅಂತ ನಾನಂತೂ ಹೇಳಿದೀನಿ.