ಸೂಜಿ ಇಲ್ಲದ ಸೂಜಿ ಚಿಕಿತ್ಸೆ

ಇವತ್ತು ರಾಜಕೀಯ ಬೇಡ. ಒಂದು ಜೊತೆ ಚಪ್ಪಲಿಯ ಕತೆ ಹೇಳ್ತೀನಿ.

ಸುರಪುರದಲ್ಲಿರೋ ನನ್ನ ಸೋದರತ್ತೆಗೆ ಮೊಣಕಾಲು ನೋವು. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಆ ಸೀಮೆಯ ಹೆಣ್ಣುಮಕ್ಕಳು ಕೆಸರಲ್ಲಿ ಬಗ್ಗಿ ಭತ್ತ ನಾಟಿ ಮಾಡ್ತಾರೆ. ಶಹಾಪುರ, ಸುರಪುರದ ಯಾವ ಮನೆಗೆ ಹೋಗಿ, ಸೊಂಟ, ಮೊಣಕಾಲಿನದ್ದೇ ಮಾತು. ಅತ್ತೆ ಜಾತ್ರೆಯಲ್ಲಿ ಅಕ್ಯುಪ್ರೆಶರ್ ಚಪ್ಪಲಿ ಕೊಂಡರು. "ಸೂಜಿ ಇಲ್ಲ, ಗುಳಗಿ ಇಲ್ಲ, ನಡೆದ್ರ ಸಾಕಂತ ತಮ್ಮಾ" ಅಂದರು.

ಅವರಿಗೆ ಹಳೇ ಶುಗರ್. ಅಂಗಾಲು ಜೋಮು ಹಿಡಿದು ಸ್ಪರ್ಶವೇ ಇಲ್ಲ. ಚಪ್ಪಲಿಯ ರಬ್ಬರ್ ಮುಳ್ಳುಗಳು ಚರ್ಮ ಕೊರೆದದ್ದು ಗೊತ್ತಾಗಿದ್ದು ನೆಲದ ಮೇಲೆ ರಕ್ತ ಕಂಡಾಗ. ಎರಡು ತಿಂಗಳು ಡ್ರೆಸ್ಸಿಂಗ್‌ಗೆ ಯಾದಗಿರಿಗೆ ಅಲೆದರು. ಬೆರಳು ಉಳೀತು, ಅದೇ ಪುಣ್ಯ.

ಹಾಗಂತ ಎಲ್ಲಾ ಮೋಸನಾ? ಅಲ್ಲ. ಮಣಿಕಟ್ಟಿನ ಒಳಬದಿಯ ಪಿ6 ಅನ್ನೋ ಬಿಂದು ಒತ್ತಿದರೆ ಆಪರೇಷನ್ ನಂತರದ ವಾಕರಿಕೆ ಕಡಿಮೆಯಾಗ್ತದೆ ಅನ್ನೋದಕ್ಕೆ ಪರೀಕ್ಷೆಗಳ ಆಧಾರ ಇದೆ. ಚರ್ಮಕ್ಕೆ ಸಣ್ಣಗೆ ಕರೆಂಟ್ ಕೊಡೋ ಟೆನ್ಸ್ ಯಂತ್ರ ಇದೆ. ಇಂಜಿನಿಯರಿಂಗ್ ಓದಿದ ಚಟ ನೋಡಿ, ಒಂದನ್ನು ಬಿಚ್ಚೇಬಿಟ್ಟೆ. ಬ್ಯಾಟರಿ, ಪಲ್ಸ್ ಸರ್ಕ್ಯೂಟ್, ಎರಡು ಪ್ಯಾಡ್. ಮಂತ್ರ ಏನಿಲ್ಲ. ಬೆನ್ನುಹುರಿಯಲ್ಲಿ ನೋವಿಗೊಂದು ಗೇಟ್ ಇದೆ, ಬೇರೆ ಸ್ಪರ್ಶ ಬಂದರೆ ಅದು ಮುಚ್ಚಿಕೊಳ್ತದೆ ಅಂತ 1965ರಲ್ಲೇ ಮೆಲ್ಜಾಕ್ ಮತ್ತು ವಾಲ್ ಹೇಳಿದ್ದರು. ಪೆಟ್ಟು ಬಿದ್ದ ಜಾಗ ಉಜ್ಜಿಕೊಳ್ತೀವಲ್ಲ, ಹಾಗೆ. ಆದರೆ ಪೇಸ್‌ಮೇಕರ್ ಇದ್ದವರಿಗೆ, ಸ್ಪರ್ಶ ಸತ್ತ ಚರ್ಮಕ್ಕೆ ಇದು ಬೇಡ. ಈ ಮಾತನ್ನು ಜಾಹೀರಾತು ಹೇಳೋದಿಲ್ಲ. ಆ ಜಾಹೀರಾತು ಬರೋದು ನಮ್ಮಂಥ ಚಾನೆಲ್‌ಗಳಲ್ಲೇ, ಒಪ್ಕೋತೀನಿ.

2009ರಲ್ಲಿ ಅಮೆರಿಕದಲ್ಲೊಂದು ಪರೀಕ್ಷೆಯ ಫಲ ಪ್ರಕಟವಾಯಿತು. ಹಳೇ ಸೊಂಟನೋವಿನ 638 ಜನ. ಕೆಲವರಿಗೆ ನಿಜವಾದ ಸೂಜಿ. ಕೆಲವರಿಗೆ ಹಲ್ಲುಕಡ್ಡಿ, ಚುಚ್ಚದೆ ಸುಮ್ಮನೆ ತಾಗಿಸಿದರು. ಎಂಟು ವಾರಕ್ಕೆ ಹಲ್ಲುಕಡ್ಡಿಯವರೂ ಹೆಚ್ಚುಕಮ್ಮಿ ಸೂಜಿಯವರಷ್ಟೇ ಸುಧಾರಿಸಿದ್ದರು, ಮಾಮೂಲಿ ಚಿಕಿತ್ಸೆಯವರಿಗಿಂತ ಮುಂದಿದ್ದರು! ಕೆಲಸ ಮಾಡಿದ್ದು ಯಾವುದು ಹಾಗಾದರೆ? ಒಬ್ಬರು ಪಕ್ಕದಲ್ಲಿ ಕೂತು, ಎಲ್ಲಿ ನೋವು ಅಂತ ಕೇಳಿ, ಮುಟ್ಟಿ ನೋಡಿದ್ದೂ ಇರಬಹುದು ಅಂತ ನನ್ನ ಅನಿಸಿಕೆ. ಅದೇ 2009ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. ನಾಟಿ ಮಾಡಿ ಬಂದ ಹೆಣ್ಣುಮಗಳ ಸೊಂಟ ಮುಟ್ಟಿ ನೋಡೋ ಫಿಸಿಯೋಥೆರಪಿಸ್ಟ್ ನಿಮ್ಮ ಊರಿಗೆ ಎಷ್ಟು ಕಿಲೋಮೀಟರ್ ದೂರ ಇದ್ದಾರೆ, ಹೇಳಿ ನೋಡೋಣ.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. "ಆ ಮಷಿನ್ನರ ತಂದುಕೊಡ್ತಿ ಏನು?" ಮೊಣಕಾಲಿಗೆ ಆಗಬಹುದು, ಮೊದಲು ಡಾಕ್ಟರ್ ನಿಮ್ಮ ಕಾಲು ಪೂರಾ ನೋಡಲಿ ಅಂದೆ.

"ಅಷ್ಟೊತ್ತು ನೋಡೋರು ಎಲ್ಲಿ ಕುಂತಾರ ತಮ್ಮಾ?" ಅಂದರು.