ನಿಮ್ಮ ಜಾಲತಾಣದ ಇನ್ನೊಂದು ಪ್ರತಿ ಎಲ್ಲಿದೆ?



ಈ ವಾರದ ಮಾತು ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿ ಕಡೆ ಚಿಕ್ಕದೋ ದೊಡ್ಡದೋ ಒಂದು ವ್ಯಾಪಾರ ಮಾಡಿಕೊಂಡು, ಅದಕ್ಕೊಂದು ಜಾಲತಾಣವನ್ನೂ ಇಟ್ಟುಕೊಂಡಿರುವ ನಮ್ಮವರಿಗೆ. ಜಾಲತಾಣ ಎಂದ ಕೂಡಲೇ ರೇಡಿಯೋ ಕಿವಿ ತಿರುಗಿಸಬೇಡಿ. ಗಣಕಯಂತ್ರದ ವಿದ್ಯೆ ಇದಕ್ಕೆ ಹೆಚ್ಚೇನೂ ಬೇಡ. ರಾತ್ರಿ ಅಂಗಡಿಗೆ ಬೀಗ ಹಾಕಿ, ಒಮ್ಮೆ ಜಗ್ಗಿ ನೋಡುತ್ತೀರಲ್ಲ, ಆ ಬುದ್ಧಿ ಇದ್ದರೆ ಸಾಕು.

ಮೊದಲು ಒಂದು ಮಳೆಯ ಲೆಕ್ಕ. 2005ರ ಜುಲೈ 26ನ್ನು ನಮ್ಮ ಕಡೆ ಮರೆತವರು ಕಡಿಮೆ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ಅದೇ ಹೊತ್ತಿಗೆ, ಅದೇ ಮುಂಬಯಿಯ ಕೊಲಾಬಾ ಕೇಂದ್ರದಲ್ಲಿ ಬಿದ್ದದ್ದು 75 ಮಿಲಿಮೀಟರಿಗಿಂತ ಕಡಿಮೆ. ಇತ್ತ ಉಲ್ಹಾಸ್ ನದಿ ಉಕ್ಕಿ ಕಲ್ಯಾಣ, ಬದಲಾಪುರದ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ನೆಲಮಹಡಿಯ ಅಂಗಡಿ, ಗಾಳಾಗಳಲ್ಲಿ ಬಿಲ್ ಬುಕ್ಕು, ಗಿರಾಕಿಗಳ ವಿಳಾಸದ ಡೈರಿ, ಗಣಕಯಂತ್ರ, ಅದರ ಪಕ್ಕದಲ್ಲೇ ಇಟ್ಟಿದ್ದ ಬ್ಯಾಕಪ್ ಸೀಡಿ, ಎಲ್ಲ ಒಟ್ಟಿಗೇ ನೀರಿಗೆ ಹೋದವು. ಹೆಚ್ಚು ಬೆಲೆಯ ಕಂಪ್ಯೂಟರ್ ಕೊಂಡಿದ್ದರೆ ಅದೇನೂ ಉಳಿಯುತ್ತಿರಲಿಲ್ಲ. ಒಂದು ಪ್ರತಿ ಬೇರೆ ಕಡೆ ಇದ್ದಿದ್ದರೆ ಉಳಿಯುತ್ತಿತ್ತು, ಅಷ್ಟೆ.

ಈಗ ಆ ಡೈರಿ, ಬಿಲ್ ಬುಕ್ಕು ಬಹುಪಾಲು ಜಾಲತಾಣದೊಳಗೆ ಸೇರಿಕೊಂಡಿವೆ. ಡೊಂಬಿವಲಿ ಪೂರ್ವದಲ್ಲಿ ಒಂದು ಕೇಟರಿಂಗ್ ಇದೆ ಎಂದಿಟ್ಟುಕೊಳ್ಳಿ. ಗಣೇಶ ಚೌತಿಗೆ ಯಾರ ಮನೆಗೆ ಎಷ್ಟು ಎಲೆ ಊಟ, ಎಷ್ಟು ಮೋದಕ, ಮುಂಗಡ ಎಷ್ಟು ಬಂದಿದೆ, ಯಾವ ಸೊಸೈಟಿಯ ಯಾವ ವಿಂಗು, ಎಲ್ಲ ಜಾಲತಾಣದ ಆರ್ಡರ್ ಪಟ್ಟಿಯಲ್ಲಿದೆ. ಹಬ್ಬ ನಾಲ್ಕು ದಿನ ಇರುವಾಗ ಆ ತಾಣ ತೆರೆಯಲಿಲ್ಲ. ಆಗ ಹೋಗುವುದು ಬರೀ ಬೋರ್ಡು, ಬಣ್ಣ ಅಲ್ಲ. ಯಾರಿಗೆ ಮಾತು ಕೊಟ್ಟಿದ್ದೇವೆ ಎನ್ನುವುದೇ ಹೋಗುತ್ತದೆ. ಹೊಸ ಬೋರ್ಡು ಎರಡು ದಿನದಲ್ಲಿ ಬರೆಸಬಹುದು. ಮೋದಕ ಬಾರದ ಮನೆಯವರು ಮುಂದಿನ ವರ್ಷ ನಮ್ಮನ್ನು ಕರೆಯುವುದಿಲ್ಲ.

'ಅದೆಲ್ಲ ಹೋಸ್ಟಿಂಗ್ ಕಂಪನಿಯವರು ನೋಡಿಕೊಳ್ಳುತ್ತಾರಲ್ಲ?' ಎಂದು ನೀವು ಕೇಳುವುದು ನನಗೆ ಗೊತ್ತು. ಹೋಸ್ಟಿಂಗ್ ಎಂದರೆ ನಿಮ್ಮ ತಾಣ ಇನ್ನೊಬ್ಬರ ಕಟ್ಟಡದ, ಇನ್ನೊಬ್ಬರ ಯಂತ್ರದಲ್ಲಿ ಬಾಡಿಗೆಗೆ ಇದೆ ಎಂದರ್ಥ. ಆ ಕಟ್ಟಡ ಐರೋಲಿಯಲ್ಲೋ ಮಹಾಪೆಯಲ್ಲೋ ಇರಬಹುದು. ಥಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಈಗ ಅಂಥ ಡೇಟಾ ಸೆಂಟರುಗಳೇ. ಸಿಂಗಾಪುರದಲ್ಲಿದ್ದರೂ ಇರಬಹುದು. ಕಂಪನಿಯವರು ಬ್ಯಾಕಪ್ ತೆಗೆಯುತ್ತಾರೆ, ಸುಳ್ಳಲ್ಲ. ಆದರೆ ಅವರ ಕರಾರುಪತ್ರವನ್ನು ಓದಿ ನೋಡಿ. 'ನಿಮ್ಮ ಮಾಹಿತಿಯ ಪ್ರತಿ ಇಟ್ಟುಕೊಳ್ಳುವುದು ನಿಮ್ಮ ಹೊಣೆ' ಎಂಬ ಅರ್ಥದ ಒಂದು ಸಾಲು ಹೆಚ್ಚಿನ ಕರಾರುಗಳಲ್ಲಿ ಎಲ್ಲೋ ಕೆಳಗೆ ಇದ್ದೇ ಇರುತ್ತದೆ.

ಆ ಸಾಲಿನ ಬೆಲೆ ಏನೆಂದು 2011ರ ಜೂನ್‌ನಲ್ಲಿ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಗೊತ್ತಾಯಿತು. ಡಿಸ್ಟ್ರಿಬ್ಯೂಟ್ ಐಟಿ ಎಂಬ ಹೋಸ್ಟಿಂಗ್ ಕಂಪನಿಯ ಯಂತ್ರಗಳಿಗೆ ಕಿಡಿಗೇಡಿಗಳು ನುಗ್ಗಿ ಕಡತಗಳನ್ನು ಅಳಿಸಿದರು. ಬ್ಯಾಕಪ್ ಕೂಡ ಅವರ ಕೈಗೆಟಕುವ ಜಾಗದಲ್ಲೇ ಇತ್ತು. 4,800 ಜಾಲತಾಣಗಳನ್ನು ಮರಳಿ ತರಲು ಆಗುವುದಿಲ್ಲ ಎಂದು ಕಂಪನಿಯೇ ಹೇಳಬೇಕಾಯಿತು. ಕೊನೆಗೆ ಕಂಪನಿಯೂ ಉಳಿಯಲಿಲ್ಲ.

ಇನ್ನೊಂದು ಕತೆ ಫ್ರಾನ್ಸಿನದು, ನನ್ನ ಮಟ್ಟಿಗೆ ಇದೇ ದೊಡ್ಡ ಪಾಠ. ರೈನ್ ನದಿಯ ದಡದ ಸ್ಟ್ರಾಸ್‌ಬರ್ಗ್ ಊರಿನಲ್ಲಿ ಓವಿಎಚ್ ಎಂಬ ದೊಡ್ಡ ಕಂಪನಿಯ ನಾಲ್ಕು ಡೇಟಾ ಸೆಂಟರುಗಳು ಒಂದೇ ಆವರಣದಲ್ಲಿದ್ದವು. 2021ರ ಮಾರ್ಚ್ 10ರಂದು ನಡುರಾತ್ರಿ ದಾಟಿದ ಮೇಲೆ ಒಂದಕ್ಕೆ ಬೆಂಕಿ ಬಿತ್ತು. ಐದು ಅಂತಸ್ತಿನ ಆ ಕಟ್ಟಡ ಪೂರ್ತಿ ಸುಟ್ಟಿತು, ಪಕ್ಕದ್ದು ಒಂದಿಷ್ಟು ಸುಟ್ಟಿತು, ಉಳಿದೆರಡಕ್ಕೆ ವಿದ್ಯುತ್ ಕಡಿಯಬೇಕಾಯಿತು. ಪುಣ್ಯಕ್ಕೆ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ಆದರೆ ಬೆಳಗಾಗುವಷ್ಟರಲ್ಲಿ ಯುರೋಪಿನ ಲಕ್ಷಾಂತರ ತಾಣಗಳು ನಿಂತುಹೋಗಿದ್ದವು. ಅವುಗಳ ಮಾಲೀಕರಲ್ಲಿ ಕೆಲವರು ಬ್ಯಾಕಪ್ ಸೇವೆಗೆಂದೇ ಹಣ ತೆತ್ತಿದ್ದವರು. ಅಂಥ ಒಬ್ಬ ಗಿರಾಕಿಯ ಬ್ಯಾಕಪ್ ಇದ್ದದ್ದು ಮೂಲ ಯಂತ್ರವಿದ್ದ ಕಟ್ಟಡದಲ್ಲೇ! ಮೂಲ ಸುಟ್ಟಾಗ ಪ್ರತಿಯೂ ಸುಟ್ಟಿತು. ಆ ಗಿರಾಕಿ ಕೋರ್ಟಿಗೆ ಹೋದರು. 2023ರಲ್ಲಿ ಲೀಲ್ ನಗರದ ವಾಣಿಜ್ಯ ನ್ಯಾಯಾಲಯ ಒಂದು ಲಕ್ಷ ಯೂರೋಗಿಂತ ಹೆಚ್ಚು ಪರಿಹಾರ ಕೊಡಿಸಲು ತೀರ್ಪು ಕೊಟ್ಟಿತು. ತೀರ್ಪು ಬರಲು ಸುಮಾರು ಎರಡು ವರ್ಷ. ನಮ್ಮ ಕೇಟರಿಂಗಿನವರಿಗೆ ಚೌತಿಗೆ ಇದ್ದದ್ದು ನಾಲ್ಕೇ ದಿನ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ 2025ರ ಸೆಪ್ಟೆಂಬರ್ 26ರಂದು ಸರ್ಕಾರದ ಡೇಟಾ ಸೆಂಟರಿಗೆ ಬೆಂಕಿ ಬಿದ್ದು, ನೌಕರರ ಕಡತ ಇಡುವ ವ್ಯವಸ್ಥೆಯೊಂದು ಹೊರಗಿನ ಪ್ರತಿಯೇ ಇಲ್ಲದೆ ನಾಶವಾಯಿತು.

ಆದ್ದರಿಂದ ನಾನು ಕೇಳುವ ಪ್ರಶ್ನೆ 'ಬ್ಯಾಕಪ್ ಇದೆಯಾ?' ಎಂದಲ್ಲ. 'ನಿಮ್ಮ ಪ್ರತಿಗಳೆಲ್ಲ ಒಂದೇ ಮಳೆಗೆ ಸಿಗುವ ಹಾಗಿವೆಯಾ?' ಎಂದು. ಮಳೆ ಎಂದರೆ ಮಳೆಯೇ ಆಗಬೇಕಿಲ್ಲ. ಡೊಂಬಿವಲಿ ಎಂಐಡಿಸಿಯಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ರಾಸಾಯನಿಕ ಕಾರ್ಖಾನೆಗಳು ಸ್ಫೋಟಿಸಿದಾಗ ಸುತ್ತಲಿನ ಕಟ್ಟಡಗಳ ಗಾಜು ಪುಡಿಯಾದದ್ದನ್ನು ನೀವೇ ನೋಡಿದ್ದೀರಿ. ಒಂದೇ ಪಾಸ್‌ವರ್ಡ್ ಕೂಡ ಒಂದೇ ಮಳೆ ಇದ್ದ ಹಾಗೆ. ತಾಣಕ್ಕೂ, ಬ್ಯಾಕಪ್ ಇಟ್ಟ ಗೂಗಲ್ ಡ್ರೈವಿಗೂ, ಮಿಂಚಂಚೆಗೂ ಒಂದೇ ಪಾಸ್‌ವರ್ಡ್ ಇದ್ದರೆ, ಕದ್ದವನಿಗೆ ಮೂರು ಬಾಗಿಲೂ ಒಟ್ಟಿಗೇ ತೆರೆಯುತ್ತವೆ.

ಇದಕ್ಕೆ ತಿಳಿದವರು 3-2-1 ಎಂಬ ಸೂತ್ರ ಹೇಳುತ್ತಾರೆ. ಮೂರು ಪ್ರತಿ, ಎರಡು ಬಗೆಯ ಜಾಗದಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಓಡುತ್ತಿರುವ ತಾಣವೇ ಮೊದಲ ಪ್ರತಿ. ಎರಡನೆಯದು ಅಂತರ್ಜಾಲದಲ್ಲಿ, ಆದರೆ ಹೋಸ್ಟಿಂಗ್ ಕಂಪನಿಯದ್ದಲ್ಲದ ಬೇರೆ ಖಾತೆಯಲ್ಲಿ. ಮೂರನೆಯದು ಒಂದು ಹಾರ್ಡ್‌ಡಿಸ್ಕಿನಲ್ಲಿ. ಇಲ್ಲಿ ನಮಗೆ, ಮುಂಬಯಿ ಕನ್ನಡಿಗರಿಗೆ, ಒಂದು ಅನುಕೂಲ ಇದೆ ನೋಡಿ. ನಮಗೆ ಊರು ಎಂಬುದೊಂದಿದೆ. ಉಡುಪಿಯಲ್ಲೋ ಧಾರವಾಡದಲ್ಲೋ ವಿಜಾಪುರದಲ್ಲೋ ಅಣ್ಣನ ಮನೆ, ಅಕ್ಕನ ಮನೆ ಇದೆ. ಮೇ ರಜೆಗೆ ಒಮ್ಮೆ, ದಸರೆ ದೀಪಾವಳಿಗೆ ಒಮ್ಮೆ ಹೋಗುತ್ತೇವೆ. ಜಮೀನಿನ ಕಾಗದ ಅಲ್ಲಿಯ ಕಪಾಟಿನಲ್ಲಿರುತ್ತದೆ. ಅದರ ಪಕ್ಕದಲ್ಲಿ ಒಂದು ಹಾರ್ಡ್‌ಡಿಸ್ಕ್ ಇಟ್ಟು ಬನ್ನಿ. ಮುಂದಿನ ಸಲ ಹೋಗುವಾಗ ಹೊಸದನ್ನು ಒಯ್ದು ಹಳೆಯದನ್ನು ತನ್ನಿ. ಐರೋಲಿಗೆ ಬಿದ್ದ ಮಳೆ ಧಾರವಾಡದ ಕಪಾಟನ್ನು ಮುಟ್ಟುವುದಿಲ್ಲ.

ಇನ್ನು ಹೇಗೆ ತೆಗೆಯುವುದು? ತಾಣ ಎಂಬುದು ಎರಡು ಭಾಗ. ಒಂದು ಕಡತಗಳು: ಫೋಟೋ, ವಿನ್ಯಾಸ, ತಾಣವನ್ನು ನಡೆಸುವ ತಂತ್ರಾಂಶ. ಇನ್ನೊಂದು ಡೇಟಾಬೇಸ್: ಆರ್ಡರು, ಗಿರಾಕಿಗಳ ಹೆಸರು, ಬೆಲೆಪಟ್ಟಿ, ನೀವು ಬರೆದ ಮಾತು. ಬರೀ ಕಡತಗಳನ್ನು ಇಳಿಸಿಕೊಂಡು 'ಬ್ಯಾಕಪ್ ಆಯಿತು' ಎನ್ನುವವರು ಬಹಳ ಮಂದಿ. ಅದು ಪಾತ್ರೆ ಉಳಿಸಿ ಅಡಿಗೆ ಚೆಲ್ಲಿದ ಹಾಗೆ. ನಿಮ್ಮ ಹೋಸ್ಟಿಂಗಿನಲ್ಲಿ ಸಿಪ್ಯಾನೆಲ್ ಇದ್ದರೆ, ಅದರೊಳಗೆ ಬ್ಯಾಕಪ್ ಎಂಬ ಗುಂಡಿ ಇದೆ. ಕಡತಗಳನ್ನೂ ಡೇಟಾಬೇಸನ್ನೂ ಬೇರೆ ಬೇರೆ ಇಳಿಸಿಕೊಳ್ಳಬಹುದು. ವರ್ಡ್‌ಪ್ರೆಸ್ ತಾಣವಾದರೆ ಅಪ್‌ಡ್ರಾಫ್ಟ್‌ಪ್ಲಸ್‌ನಂಥ ಪ್ಲಗಿನ್ ಹಾಕಿ ಗಂಟೆ ಗೊತ್ತುಮಾಡಿಬಿಟ್ಟರೆ ತಾನಾಗಿಯೇ ಪ್ರತಿ ತೆಗೆದು ಬೇರೆ ಡ್ರೈವಿಗೆ ಕಳಿಸುತ್ತದೆ. ಸಿದ್ಧ ಅಂಗಡಿ ಒದಗಿಸುವ ಸೇವೆಗಳಲ್ಲಿ ನಿಮ್ಮ ತಾಣವಿದ್ದರೆ ಇಡೀ ತಾಣವನ್ನು ಹೊರಗೆ ತೆಗೆಯಲು ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ಆರ್ಡರು, ಗಿರಾಕಿ, ಸರಕಿನ ಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ತೆರೆಯುವಂತೆ ಇಳಿಸಿಕೊಳ್ಳಬಹುದು. ಅಷ್ಟನ್ನಾದರೂ ಮಾಡಿ. ಫೋಟೋಗಳ ಮೂಲವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.

ಎಷ್ಟು ದಿನಕ್ಕೊಮ್ಮೆ? ಎಷ್ಟು ದಿನದ ಆರ್ಡರು ಕಳೆದರೆ ತಡೆದುಕೊಳ್ಳುತ್ತೀರಿ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ದಿನವೂ ಆರ್ಡರು ಬರುವ ತಾಣಕ್ಕೆ ದಿನವೂ ಬೇಕು. ವಿಳಾಸ, ಫೋನ್ ನಂಬರು ಮಾತ್ರ ಇರುವ ತಾಣಕ್ಕೆ ತಿಂಗಳಿಗೊಮ್ಮೆ ಸಾಕು. ಆದರೆ ಹೊಸ ಪ್ರತಿ ಬಂತೆಂದು ಹಳೆಯದನ್ನು ಕೂಡಲೇ ಅಳಿಸಬೇಡಿ. ತಾಣದೊಳಗೆ ಯಾರೋ ನುಗ್ಗಿ ಕೆಟ್ಟ ಕಡತ ಸೇರಿಸಿದ್ದು ಕೆಲವು ಸಲ ಮೂರು ನಾಲ್ಕು ವಾರ ಗೊತ್ತೇ ಆಗುವುದಿಲ್ಲ. ಅಷ್ಟರಲ್ಲಿ ನಿನ್ನೆಯ ಪ್ರತಿ, ಮೊನ್ನೆಯ ಪ್ರತಿ ಎರಡರಲ್ಲೂ ಆ ರೋಗ ಸೇರಿರುತ್ತದೆ. ಏಳು ದಿನದ್ದು, ನಾಲ್ಕು ವಾರದ್ದು, ಹನ್ನೆರಡು ತಿಂಗಳದ್ದು ಒಂದೊಂದು ಇಟ್ಟುಕೊಂಡರೆ ಹಿಂದಕ್ಕೆ ಹೋಗಲು ದಾರಿ ಇರುತ್ತದೆ.

ಪ್ರತಿ ತೆಗೆದದ್ದಾಯಿತು, ಅದು ತೆರೆಯುತ್ತದೆಯೇ? ಗಿಟ್‌ಲ್ಯಾಬ್ ಎಂಬುದು ತಂತ್ರಾಂಶ ಬರೆಯುವವರ ಕಡತಗಳನ್ನು ಕಾಪಾಡಿ ಕೊಡುವ ಕಂಪನಿ, ಅದೇ ಅವರ ಕಸುಬು. 2017ರ ಜನವರಿ 31ರಂದು ಅಲ್ಲಿಯ ಎಂಜಿನಿಯರೊಬ್ಬರು ಒಂದು ಯಂತ್ರ ಎಂದುಕೊಂಡು ಇನ್ನೊಂದರ ಡೇಟಾಬೇಸ್ ಅಳಿಸಿದರು. ಐದು ಬಗೆಯ ರಕ್ಷಣೆ ಇತ್ತಂತೆ. ಹೊತ್ತಿಗೆ ಒಂದೂ ಸರಿಯಾಗಿ ಒದಗಲಿಲ್ಲ. ದಿನದ ಬ್ಯಾಕಪ್ಪು ತಂತ್ರಾಂಶದ ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ಹೇಳುವ ಮಿಂಚಂಚೆಯೂ ಯಾರಿಗೂ ತಲುಪುತ್ತಿರಲಿಲ್ಲ. ಬೇರೆ ಯಾವುದೋ ಕೆಲಸಕ್ಕೆ ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಅವರು ಇದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದರು, ಆ ಮಾತಿಗೆ ಮೆಚ್ಚಬೇಕು. 'ಎಚ್ಚರಿಕೆ ಬರಲಿಲ್ಲ, ಆದ್ದರಿಂದ ಎಲ್ಲ ಸರಿಯಿದೆ' ಎಂಬ ನಂಬಿಕೆ ಎಷ್ಟು ಟೊಳ್ಳು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕನ್ನಡ ತಾಣಗಳಿಗೆ ಇದರಲ್ಲಿ ಇನ್ನೂ ಒಂದು ಪೇಚು ಇದೆ, ಇಂಗ್ಲಿಷಿನವರಿಗೆ ಇದು ಬರುವುದೇ ಇಲ್ಲ. ಡೇಟಾಬೇಸನ್ನು ಇಳಿಸುವಾಗ, ಮತ್ತೆ ಏರಿಸುವಾಗ ಅಕ್ಷರಸಂಕೇತ ಯುಟಿಎಫ್-8 ಎಂದೇ ಇರಬೇಕು. ಅದು ತಪ್ಪಿದರೆ ತಾಣವೇನೋ ತೆರೆಯುತ್ತದೆ, ಚಿತ್ರಗಳೂ ಬರುತ್ತವೆ, 'ನೀರುದೋಸೆ' ಇದ್ದಲ್ಲಿ ಮಾತ್ರ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಇರುತ್ತದೆ. ಮರಾಠಿಯಲ್ಲಿ ಬರೆದದ್ದಕ್ಕೂ ಇದೇ ಗತಿ. ಹಾಗೆ ಪ್ರಶ್ನಾರ್ಥಕವಾಗಿ ಹೋದ ಅಕ್ಷರ ಆ ಪ್ರತಿಯಿಂದ ಮತ್ತೆ ಬರುವುದಿಲ್ಲ. ಇನ್ನು 2000ದ ಆಸುಪಾಸಿನಲ್ಲಿ ಮಾಡಿದ ತಾಣಗಳಲ್ಲಿ, ಅದರಲ್ಲೂ ಸಂಘಸಂಸ್ಥೆಗಳ ತಾಣಗಳಲ್ಲಿ, ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರಶೈಲಿಯ ಬರವಣಿಗೆ ಇರಬಹುದು. ಅಂಥದ್ದಕ್ಕೆ ಆ ಫಾಂಟ್ ಕಡತವನ್ನೂ ಬ್ಯಾಕಪ್ಪಿನ ಜೊತೆಗೇ ಇಡಿ. ಫಾಂಟ್ ಇಲ್ಲದಿದ್ದರೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಸಾಧ್ಯವಾದರೆ ಯೂನಿಕೋಡಿಗೆ ಪರಿವರ್ತಿಸಿ ಒಂದು ಪ್ರತಿ ಮಾಡಿಸಿಡಿ.

ಹಾಗೆಯೇ, ತಾಣದ ಹೆಸರು, ಅಂದರೆ ಡೊಮೈನು, ಯಾರ ಖಾತೆಯಲ್ಲಿದೆ ಎಂದು ಇವತ್ತೇ ನೋಡಿ. ತಾಣ ಮಾಡಿಕೊಟ್ಟ ಪಕ್ಕದ ಸೊಸೈಟಿಯ ಹುಡುಗ ತನ್ನ ಮಿಂಚಂಚೆ ಕೊಟ್ಟೇ ನೋಂದಾಯಿಸಿರುತ್ತಾನೆ. ಈಗ ಅವನು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾನೆ. ನವೀಕರಣದ ನೆನಪೋಲೆ ಅವನ ಹಳೆಯ ವಿಳಾಸಕ್ಕೆ ಹೋಗುತ್ತಿರುತ್ತದೆ. ಡಾಟ್ ಕಾಮ್ ಹೆಸರನ್ನು ಅವಧಿ ಮುಗಿದ ಮೇಲೆ ನೋಂದಣಿ ಕಂಪನಿ ಅಳಿಸಿದರೆ, ದಂಡ ಕೊಟ್ಟು ಬಿಡಿಸಿಕೊಳ್ಳಲು 30 ದಿನ, ಆಮೇಲೆ 5 ದಿನ, ಮತ್ತೆ ಅದು ಯಾರು ಬೇಕಾದರೂ ಕೊಳ್ಳುವ ಹೆಸರು. ಎಷ್ಟು ಒಳ್ಳೆಯ ಬ್ಯಾಕಪ್ ಇದ್ದರೂ ಹೆಸರು ಹೋದರೆ ಅಂಗಡಿ ತೆರೆಯುವುದು ಎಲ್ಲಿ?

ಬ್ಯಾಕಪ್ ಪ್ರತಿಯಲ್ಲಿ ನಿಮ್ಮ ಗಿರಾಕಿಗಳ ಫೋನ್, ವಿಳಾಸ, ಡೇಟಾಬೇಸಿನ ಪಾಸ್‌ವರ್ಡ್ ಎಲ್ಲ ಇರುತ್ತದೆ ಎಂಬುದನ್ನೂ ಮರೆಯಬೇಡಿ. ಅದನ್ನು ತಾಣದೊಳಗೇ ಎಲ್ಲರಿಗೂ ಕಾಣುವ ಫೋಲ್ಡರಿನಲ್ಲಿ ಬಿಡುವುದು ಎಂದರೆ ತಿಜೋರಿಯ ಕೀಲಿಯನ್ನು ಬಾಗಿಲಿಗೇ ತೂಗುಹಾಕಿದಂತೆ. ಊರಿಗೆ ಒಯ್ಯುವ ಡಿಸ್ಕಿಗೂ ಪಾಸ್‌ವರ್ಡ್ ಹಾಕಿ. ಗಿರಾಕಿಗಳ ಮಾಹಿತಿ ಕಾಪಾಡುವ ಹೊಣೆಯ ಬಗ್ಗೆ 2023ರಲ್ಲಿ ಸಂಸತ್ತು ಕಾನೂನನ್ನೇ ಮಾಡಿದೆ.

ಪರೀಕ್ಷೆ ಮಾಡಲು ಹೊತ್ತೆಲ್ಲಿ ಎನ್ನುತ್ತೀರಾ? ಸೆಂಟ್ರಲ್ ರೈಲ್ವೆಯವರು ಭಾನುವಾರ ಮೆಗಾಬ್ಲಾಕ್ ಇಡುತ್ತಾರಲ್ಲ, ಆ ದಿನ ಹೇಗೂ ದಾದರಿಗೆ ಹೋಗುವ ಮನಸ್ಸಾಗುವುದಿಲ್ಲ. ವರ್ಷಕ್ಕೆ ಎರಡು ಮೆಗಾಬ್ಲಾಕ್ ಇದಕ್ಕೆ ಕೊಡಿ, ಒಂದು ಮಳೆಗಾಲಕ್ಕೆ ಮುಂಚೆ, ಒಂದು ದೀಪಾವಳಿಗೆ ಮುಂಚೆ. ಮನೆಯ ಕಂಪ್ಯೂಟರಿನಲ್ಲಿ ಕ್ಸಾಂಪ್ ಎಂಬ ಉಚಿತ ತಂತ್ರಾಂಶ ಹಾಕಿ, ಇಲ್ಲವೇ ಕಾಲೇಜಿಗೆ ಹೋಗುವ ಮಗಳನ್ನೋ ಸೋದರಳಿಯನನ್ನೋ ಕೂರಿಸಿಕೊಂಡು, ಡಿಸ್ಕಿನ ಪ್ರತಿಯಿಂದ ತಾಣವನ್ನು ಹೊಸದಾಗಿ ಎಬ್ಬಿಸಿ. ಗಡಿಯಾರ ನೋಡಿ ಎಷ್ಟು ಹೊತ್ತಾಯಿತೆಂದು ಬರೆದಿಡಿ. ತೆರೆದ ಮೇಲೆ ಎರಡು ಕಡೆ ಕಣ್ಣು ಹಾಕಿ. ಕನ್ನಡ ಅಕ್ಷರ ಕನ್ನಡವಾಗಿಯೇ ಇದೆಯೇ? ಆರ್ಡರ್ ಪಟ್ಟಿಯ ಕೊನೆಯ ಹೆಸರು ಯಾರದು, ಅದರ ತಾರೀಖು ಯಾವುದು?